ಉಸಿರು ಮತ್ತು ಓಟ

(ಹೊನ್ನಾವರದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಮೂರು ತಾಲ್ಲೂಕುಗಳಿಗೆ ನಾವು ದಯಮಾಡಿಸಿದಾಗಲೆಲ್ಲ ಪಾದಪೂಜೆ ಮುಗಿದ ಮೇಲೆ ಯಾರಾದರೊಬ್ಬರು ಬಳಿಗೆ ಬಂದು, "ಬುದ್ಧಿ, ಮನೆಯಲ್ಲಿ ದಮ್ಮಿನ ಕಾಯಿಲೆ ಇದೆ" ಎಂದು ಮೆಲ್ಲಗೆ ಹೇಳುವುದುಂಟು. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕು ಮಳೆ ಬೀಳುವ ನೆಲವಿದು. ಗೋಡೆ ಬೆವರುತ್ತದೆ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ, ಬಚ್ಚಲೊಲೆಯ ಹಸಿಸೌದೆಯ ಹೊಗೆ ಹೊರಗೆ ಹೋಗಲಾರದೆ ಮನೆಯೊಳಗೇ ಸುತ್ತುತ್ತದೆ. ಔಷಧಿ ಹೇಳುವುದು ವೈದ್ಯರ ಕೆಲಸ. ನಾವು ಇಂದು ಹೇಳಬೇಕಾದುದು ನಮ್ಮಿಂದಾದ ಒಂದು ತಪ್ಪನ್ನು.

ಬಹಳ ವರ್ಷಗಳ ಹಿಂದೆ ಕುಮಟೆಯ ಭಕ್ತರೊಬ್ಬರು ತಮ್ಮ ಹದಿನಾಲ್ಕು ವರ್ಷದ ಮಗನನ್ನು ಕರೆತಂದರು. ಹುಡುಗ ಶಾಲೆಯ ಓಟದಲ್ಲಿ ಮುಂದು. ಆದರೆ ಚಿಕ್ಕಂದಿನಿಂದ ದಮ್ಮು. "ಓಡಲು ಬಿಡಬಹುದೇ ಬುದ್ಧಿ, ಅಪ್ಪಣೆಯಾಗಬೇಕು" ಎಂದರು. ನಾವು ಓದಿದ್ದು ಸಂಸ್ಕೃತ ಪಾಠಶಾಲೆಯಲ್ಲಿ. ವ್ಯಾಯಾಮವನ್ನು ಬಿಡಬೇಕಾದವರನ್ನು ಎಣಿಸುವಾಗ ಸುಶ್ರುತರು ಶ್ವಾಸರೋಗಿಯನ್ನೂ ಸೇರಿಸಿದ್ದಾರೆಂಬುದು ನಮಗೆ ನೆನಪಿತ್ತು. "ಶಾಸ್ತ್ರ ಒಪ್ಪುವುದಿಲ್ಲ, ಬೇಡ" ಎಂದುಬಿಟ್ಟೆವು. ಹುಡುಗ ಮರುಮಾತಿಲ್ಲದೆ ನಮಸ್ಕರಿಸಿ ಹೋದನು.

ನಾಲ್ಕು ವರ್ಷದ ನಂತರ ಅವರ ಮನೆಯಲ್ಲಿ ಬಿನ್ನಹ. ಹುಡುಗ ಬಿಂದಿಗೆ ನೀರನ್ನು ಮಹಡಿಗೆ ತಂದಿಟ್ಟು ಗೋಡೆಗೆ ಒರಗಿ ನಿಂತ. ಮೈ ಬಂದಿತ್ತು, ಏದುಸಿರು. ರೋಗ ಹೆಚ್ಚಾಯಿತೇ ಎಂದು ಅಲ್ಲಿದ್ದ ವೈದ್ಯರನ್ನು ಕೇಳಿದೆವು. "ರೋಗ ಹೆಚ್ಚಾಗಿಲ್ಲ ಸ್ವಾಮಿಗಳೇ, ಕುಳಿತೂ ಕುಳಿತೂ ಶಕ್ತಿ ಕುಗ್ಗಿದೆ. ಉಸಿರು ಏರಿದೊಡನೆ ಹೆದರುತ್ತಾನೆ, ಹೆದರಿ ಇನ್ನಷ್ಟು ಕೂರುತ್ತಾನೆ" ಎಂದರು. ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

ಮಠಕ್ಕೆ ಬಂದು ಗ್ರಂಥಗಳನ್ನು ಮತ್ತೆ ತೆಗೆಸಿದೆವು. ಚರಕರು ಶ್ವಾಸವನ್ನು ಐದು ವಿಧವಾಗಿ ವಿಂಗಡಿಸಿದ್ದಾರೆ. ಶ್ರಮದಿಂದ ಏರಿ, ಕುಳಿತರೆ ತಾನೇ ಇಳಿಯುವುದು ಕ್ಷುದ್ರಶ್ವಾಸ. ಅದರಿಂದ ದೇಹಕ್ಕೆ ಕೇಡಿಲ್ಲ. ಗಂಟಲಲ್ಲಿ ಗೊರಗೊರ ಎನ್ನುತ್ತ, ಮೋಡ ಮಳೆ ಚಳಿಗೆ ಹೆಚ್ಚುತ್ತ, ಮಲಗಲು ಬಿಡದೆ ಎದ್ದು ಕುಳಿತರೆ ತುಸು ಸುಖ ಕೊಡುವುದು ತಮಕಶ್ವಾಸ. ಈ ಕರಾವಳಿಯ ದಮ್ಮನ್ನು ಕಣ್ಣಾರೆ ಕಂಡು ಬರೆದಂತಿದೆ! ಎರಡರಲ್ಲೂ ಎದೆ ಏರಿಳಿಯುತ್ತದೆ, ಆದರೆ ಎರಡೂ ಒಂದಲ್ಲ. ಹುಡುಗ ಮೊದಲನೆಯದನ್ನು ಎರಡನೆಯದೆಂದು ತಿಳಿದು ಅಂಜುತ್ತಿದ್ದನು. ಆ ಅಂಜಿಕೆಗೆ ನಾವು ಶಾಸ್ತ್ರದ ಮುದ್ರೆ ಒತ್ತಿದ್ದೆವು. ಸುಶ್ರುತರ ನಿಷೇಧ ರೋಗ ಕೆರಳಿದ ಕಾಲಕ್ಕೆ ಸಲ್ಲುವುದೆಂದು ಈಗ ನಮಗೆ ತೋರುತ್ತದೆ. ಅವರೇ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮವೆಂದು ಗೆರೆ ಎಳೆದು, ಎದೆಯ ಉಸಿರು ಬಾಯಿಗೆ ಬರುವುದನ್ನು ಅದರ ಗುರುತಾಗಿ ಹೇಳಿದ್ದಾರೆ. ಓಡುವಾಗ ಜೊತೆಯವನೊಡನೆ ಎರಡು ಮಾತು ಆಡಲು ಬರಬೇಕು, ಬಾರದಿದ್ದರೆ ನಡೆಯಬೇಕು ಎಂದು ಇಂದಿನ ವೈದ್ಯರು ಹೇಳುವುದೂ ಇದನ್ನೇ ಅಲ್ಲವೇ?

ಹುಡುಗನನ್ನು ಕರೆಸಿ, "ಅಂದು ನಾವು ಹೇಳಿದ್ದು ತಪ್ಪಾಯಿತು ಮಗು, ಇನ್ನು ವೈದ್ಯರ ಮಾತಿನಂತೆ ನಡೆ" ಎಂದೆವು. ಅವನ ತಂದೆಗೆ ಕಣ್ಣಲ್ಲಿ ನೀರು ಬಂತು, ನಮಗೂ.

ಮೊದಲ ತಿಂಗಳು ಕುಮಟೆಯ ಕಡಲತೀರದಲ್ಲಿ ಬರೀ ನಡಿಗೆ. ಆಮೇಲೆ ರಸ್ತೆಯಲ್ಲಿ ಎರಡು ವಿದ್ಯುತ್ ಕಂಬದಷ್ಟು ನಡೆದು ಒಂದು ಕಂಬದಷ್ಟು ಓಟ. ಹೊರಡುವ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು, ಸೇದುವ ಔಷಧಿಯ ಇನ್‌ಹೇಲರ್ ಸದಾ ಜೇಬಿನಲ್ಲಿ. ಇನ್‌ಹೇಲರ್ ಚಟವಾಗುತ್ತದೆಂದು ನಮ್ಮ ತಾಯಂದಿರು ಅದನ್ನು ಮಕ್ಕಳಿಂದ ಬಚ್ಚಿಡುವುದನ್ನು ಕಂಡಿದ್ದೇವೆ. ಅದು ಚಟವಲ್ಲ. ನುಂಗುವ ಮಾತ್ರೆಯ ಔಷಧಿಯನ್ನು ಮಿಲಿಗ್ರಾಮಿನಲ್ಲಿ ತೂಗಿದರೆ ಇದನ್ನು ಮೈಕ್ರೋಗ್ರಾಮಿನಲ್ಲಿ ತೂಗುತ್ತಾರೆ. ನೇರ ಶ್ವಾಸನಾಳಕ್ಕೇ ಹೋಗುವುದರಿಂದ ಅಷ್ಟು ಸಾಕಾಗುತ್ತದೆ. ದಿನವೂ ಸೇದಬೇಕೆಂದು ವೈದ್ಯರು ಕೊಟ್ಟಿದ್ದನ್ನು, ಇಂದು ಆರಾಮವಾಗಿದ್ದೇನೆಂದು ಬಿಡಬಾರದು. ಬೀಡಿ ಸೇದಿ ಪುಪ್ಪುಸ ಕೆಡಿಸಿಕೊಂಡ ಹಿರಿಯರ ದಮ್ಮಿನ ಬಗೆಯೇ ಬೇರೆ. ಅವರಿಗೂ ನಡಿಗೆ ಬೇಕು, ಆದರೆ ವೈದ್ಯರು ಎದೆ ನೋಡಿ ಅಳತೆ ಹೇಳಿದ ಮೇಲೆಯೇ. ಬೀಡಿ ಬಿಡದೆ ನಡೆದರೆ ಏನು ಬಂತು?

ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ ಎಂಬ ತಾಯಿಗೆ ಇದೇ ಆಸ್ತಮಾ. ಆಕೆ 2003ರಲ್ಲಿ ಲಂಡನ್ನಿನ ಮ್ಯಾರಥಾನಿನಲ್ಲಿ 42 ಕಿಲೋಮೀಟರನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದರು. 2019ರವರೆಗೆ ಮಹಿಳೆಯರಲ್ಲಿ ಯಾರೂ ಅದನ್ನು ಮೀರಿರಲಿಲ್ಲ. ನಿಮ್ಮ ಮಕ್ಕಳು ಹಾಗೆ ಓಡಬೇಕೆಂದು ನಾವು ಹೇಳುತ್ತಿಲ್ಲ. ಮಹಡಿ ಹತ್ತಿ ನಗುತ್ತ ನಿಂತರೆ ಸಾಕು.

ಇನ್ನೊಂದು ಮಾತು. ದಮ್ಮಿನವರಿರುವ ಮನೆಯಲ್ಲಿ ಲಿಂಗಪೂಜೆಗೆ ಧೂಪ, ಊದುಬತ್ತಿ ಬೇಡ. ನೀರು, ವಿಭೂತಿ, ಪತ್ರೆ ಸಾಕು. ಪ್ರಾಣವನ್ನೇ ಲಿಂಗವೆಂದು ಕಾಣುವವರು ನಾವು. ಪೂಜೆಯ ಹೊಗೆಯಿಂದ ಒಬ್ಬರ ಪ್ರಾಣವಾಯು ಕಟ್ಟಬಾರದು. ಹಿರಿಯರು ಆಕ್ಷೇಪಿಸಿದರೆ ಸ್ವಾಮಿಗಳ ಅಪ್ಪಣೆಯಾಗಿದೆ ಎನ್ನಿರಿ.

ಆ ಹುಡುಗನಿಗೆ ಈಗ ಮೂವತ್ತು ದಾಟಿದೆ, ಈ ಸಭೆಯಲ್ಲಿಯೇ ಕುಳಿತಿದ್ದಾನೆ. ನಿನ್ನೆ ರಾತ್ರಿ ಇಲ್ಲಿಯೇ ತಂಗಿದ್ದನು. ಇಂದು ಬೆಳಿಗ್ಗೆ ಶರಾವತಿ ಸೇತುವೆಯಾಚೆ ಕಾಸರಕೋಡಿನ ತೀರಕ್ಕೆ ಓಡಲು ಹೋದವನು ಬೇಗನೆ ನಡೆದುಕೊಂಡು ಹಿಂದಿರುಗಿದನು. ಗಾಳಿಯಲ್ಲಿ ತೇವ ಹೆಚ್ಚಿತ್ತಂತೆ, ಎದೆ ಬಿಗಿಯತೊಡಗಿತಂತೆ. ಔಷಧಿ ಸೇದಿ, ಕುಳಿತು, ಉಸಿರು ಇಳಿದ ಮೇಲೆ ಎದ್ದು ಬಂದನು. ಹೆದರಿಕೆಯಾಯಿತೇ ಎಂದು ಕೇಳಿದೆವು. "ಇಲ್ಲ ಬುದ್ಧಿ, ಇವತ್ತಿಗೆ ಇಷ್ಟೇ. ನಾಳೆ ನೋಡುತ್ತೇನೆ" ಎಂದನು.