ಯಾವ ಕಾಫಿ, ಎಷ್ಟು ಕಾಫಿ, ಯಾರ ಕಾಫಿ?



ಜಗತ್ತಿನಲ್ಲಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್‌ಗಳಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿಗೆ ಮೂರನೆಯ ಸ್ಥಾನ. 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ಅದು ಹೊಸದಾಗಿ ಪತ್ತೆಯಾಯಿತು. ಇನ್ನು ಕಾಫಿ ಕುಡಿಯುವವರಂತೂ ಕೋಟಿಗಟ್ಟಲೆ. ಇವೆರಡರ ನಡುವೆ ಸಣ್ಣದೊಂದು ನಂಟಿದ್ದರೂ ಅದರ ಫಲ ಸಣ್ಣದಲ್ಲ. ಹಾಗಾಗಿ ಈ ವಿಚಾರ ಸಂಕಿರಣ.

ಕೈಯಲ್ಲಿರುವ ಪುರಾವೆ ಒಂದೇ ದಿಕ್ಕಿಗೆ ನಡೆಯುವುದಿಲ್ಲ. ಅಮೆರಿಕದ ಸುಮಾರು 4.9 ಲಕ್ಷ ಜನರನ್ನು ಅನುಸರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ನಾಲ್ಕೈದು ಕಪ್ ಕುಡಿಯುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಶೇ. 15ರಷ್ಟು ಕಡಿಮೆ ಕಂಡಿತು. 2016ರ ಇಸ್ರೇಲಿನ ಅಧ್ಯಯನದಲ್ಲಿ ಕಾಫಿ ಕುಡಿಯುವವರಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನ ಇಳಿಕೆ ಶೇ. 26, ಕೆಫೀನ್ ತೆಗೆದ ಕಾಫಿಯಲ್ಲೂ ಅದು ಕಂಡಿತು. ಆದರೆ ಅಮೆರಿಕದ ದಾದಿಯರು ಮತ್ತು ಪುರುಷ ಆರೋಗ್ಯ ವೃತ್ತಿಪರರ 2005ರ ಅಧ್ಯಯನದಲ್ಲಿ ಮಾಮೂಲಿ ಕಾಫಿಗೆ ಯಾವ ನಂಟೂ ಸಿಗಲಿಲ್ಲ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2018ರಲ್ಲಿ ಯಕೃತ್ತು ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರುಗಳಿಗೆ ಕಾಫಿ ಬಹುಶಃ ರಕ್ಷಣೆ ಎಂದಿತು. ಕರುಳಿನ ವಿಷಯದಲ್ಲಿ ಹಾಗೆ ಹೇಳಲಿಲ್ಲ.

ನಂಟಿಗೆ ಜೈವಿಕ ಕಾರಣಗಳನ್ನು ಊಹಿಸಬಹುದು. ಕಾಫಿ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ. ಅದರಲ್ಲಿ ಕ್ಲೋರೋಜೆನಿಕ್ ಆಮ್ಲವಿದೆ, ಹುರಿದಾಗ ಹುಟ್ಟುವ ಮೆಲನಾಯ್ಡಿನ್‌ಗಳಿವೆ. ಕರುಳಿನ ಸೂಕ್ಷ್ಮಜೀವಿಗಳ ಮೇಲೂ ಅದು ಪ್ರಭಾವ ಬೀರುತ್ತದೆ. ಆದರೆ ಸಾಧ್ಯ ಎನ್ನುವುದು ಬೇರೆ, ಸಾಬೀತು ಎನ್ನುವುದು ಬೇರೆ.

ಇಲ್ಲಿ 1981ರ ಒಂದು ಪಾಠವನ್ನು ನೆನೆಯಬೇಕು. ಹಾರ್ವರ್ಡ್‌ನ ಬ್ರಯನ್ ಮ್ಯಾಕ್‌ಮಹೋನ್ ತಂಡ ಕಾಫಿಗೂ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿಗೂ ನಂಟು ಕಂಡಿತು. ಹೋಲಿಕೆಗೆ ಆರಿಸಿಕೊಂಡವರಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿದ್ದ ವೈದ್ಯರ ಬಳಿಯೇ ಬರುತ್ತಿದ್ದ ಜೀರ್ಣಾಂಗದ ರೋಗಿಗಳು ಬಹಳ ಮಂದಿ. ಹೊಟ್ಟೆಯ ತೊಂದರೆಯಿಂದ ಅವರು ಕಾಫಿ ಕಡಿಮೆ ಮಾಡಿದ್ದಿರಬೇಕು. ಹಾಗಾಗಿ ಕ್ಯಾನ್ಸರ್ ರೋಗಿಗಳೇ ಹೆಚ್ಚು ಕುಡಿದಂತೆ ಕಂಡಿತು ಎಂಬುದು ವಿಮರ್ಶಕರ ಆಕ್ಷೇಪ. 1986ರಲ್ಲಿ ಅದೇ ತಂಡ ಮತ್ತೆ ನೋಡಿದಾಗ ನಂಟು ಮೊದಲಿನ ಬಲದಲ್ಲಿ ಉಳಿಯಲಿಲ್ಲ. ಕರುಳಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. "ಗ್ಯಾಸ್ಟ್ರಿಕ್ ಆಗುತ್ತೆ, ಕಾಫಿ ಬಿಟ್ಟೆ" ಎನ್ನುವವರನ್ನು ನಮ್ಮ ಪ್ರಶ್ನಾವಳಿ 'ಕುಡಿಯದವರು' ಎಂದು ಬರೆದುಕೊಂಡರೆ, ರೋಗದ ಮೊದಲ ಸೂಚನೆಯೇ ಕಾಫಿಯ ಗುಣವಾಗಿ ಕಾಣಿಸೀತು.

ಇನ್ನೊಂದು ಪ್ರಶ್ನೆ ನಮ್ಮದೇ ಕಾಫಿಯದು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳ ಈ ಕರ್ನಾಟಕದಲ್ಲಿ. ಆದರೆ ಇಲ್ಲಿ ಕುಡಿಯುವುದು ಅಮೆರಿಕದ ಕಪ್ ಅಲ್ಲ. ಅದರಲ್ಲಿ ಹಾಲಿದೆ, ಸಕ್ಕರೆಯಿದೆ, ಹಲವು ಮನೆಗಳಲ್ಲಿ ಚಿಕೋರಿಯೂ ಇದೆ; ಕಾಯ್ದೆಯಂತೆ ಮಿಶ್ರಣದಲ್ಲಿ ಶೇ. 49ರವರೆಗೂ ಚಿಕೋರಿ ಇರಬಹುದು. ಕೆಫೆಸ್ಟಾಲ್ ಎಂಬ ಎಣ್ಣೆಯಂಶವನ್ನು ಬಹುಪಾಲು ತಡೆದುಕೊಳ್ಳುವ ಕಾಗದ ನಮ್ಮ ಸ್ಟೀಲ್ ಫಿಲ್ಟರಿನಲ್ಲಿಲ್ಲ. ಬೈಟು ಕಾಫಿಯನ್ನು ಎಷ್ಟು ಕಪ್ ಎಂದು ಲೆಕ್ಕಹಾಕೋಣ? ಎರವಲು ಅಂಕಿಗಳನ್ನು ತಂದು ಈ ಲೋಟಕ್ಕೆ ಅಂಟಿಸಲಾಗದು.

ಆದ್ದರಿಂದ ಈ ಸಂಕಿರಣದ ಮುಂದೆ ಮೂರು ಕೆಲಸಗಳನ್ನಿಡುತ್ತೇನೆ. ಕಾಫಿಯನ್ನು ಕಪ್‌ನಲ್ಲಲ್ಲ, ಪುಡಿಯ ಗ್ರಾಂ, ಚಿಕೋರಿಯ ಪಾಲು, ಸಕ್ಕರೆಯ ಲೆಕ್ಕದಲ್ಲಿ ಅಳೆಯುವ ಪ್ರಶ್ನಾವಳಿ ರೂಪಿಸೋಣ. ಬಿಟ್ಟವರನ್ನೂ ಎಂದೂ ಕುಡಿಯದವರನ್ನೂ ಬೇರ್ಪಡಿಸಿ, ಬಿಟ್ಟ ಕಾರಣವನ್ನು ಕೇಳೋಣ. ಧೂಮಪಾನ, ಮದ್ಯ, ಮಾಂಸಾಹಾರ, ದೈಹಿಕ ಶ್ರಮ ಇವನ್ನು ಬಿಡದೆ ದಾಖಲಿಸೋಣ.

ಅಲ್ಲಿಯವರೆಗೆ ರೋಗಿಗಳಿಗೆ ಹೇಳಬೇಕಾದದ್ದು ಸ್ಪಷ್ಟ. ಕ್ಯಾನ್ಸರ್ ತಡೆಯಲೆಂದು ಕಾಫಿ ಶುರುಮಾಡಬೇಕಿಲ್ಲ, ಕ್ಯಾನ್ಸರಿನ ಭಯಕ್ಕೆ ಬಿಡಬೇಕಿಲ್ಲ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಇರಬೇಕೆಂದು ಸುಮ್ಮನಾಗದೆ ಪರೀಕ್ಷೆಗೆ ಬನ್ನಿ ಎಂದು ತಪ್ಪದೆ ಹೇಳಿ.