ಚಿಕ್ಕಮ್ಮನ ಪ್ರಶ್ನೆ ಮತ್ತು ಚೆನ್ನೈನ ಹೊಸ ರೋಲರ್ ಕೋಸ್ಟರ್



ಹೋದ ಭಾನುವಾರ ಚಿಕ್ಕಮ್ಮ ಫೋನ್ ಮಾಡಿದ್ರು. ಹಲೋ ಕೂಡ ಹೇಳ್ಲಿಲ್ಲ. "ನೀನೇ ಕಣೆ ಅವನ ತಲೆ ಕೆಡಿಸಿದ್ದು. ಏನಾದ್ರೂ ಆದ್ರೆ ನೀನು ಜವಾಬ್ದಾರೀನಾ?" ಅಂತ ಶುರು ಮಾಡಿದ್ರು. ವಿಷಯ ಇಷ್ಟೇ. ಚೆನ್ನೈ ಹತ್ತಿರ ಹೊಸ ರೋಲರ್ ಕೋಸ್ಟರ್ ಕಟ್ಟಿದಾರೆ, ಅದರ ವಿಡಿಯೋ ಒಂದನ್ನ ನಾನು ಅವರ ಮಗನಿಗೆ ಕಳಿಸಿದ್ದೆ. ಅವನು ಸೆಕೆಂಡ್ ಪಿಯುಸಿ. ಪರೀಕ್ಷೆ ಮುಗಿದ ತಕ್ಷಣ ಹೋಗೋಣ ಅಂತ ಮನೆಯಲ್ಲಿ ಹಟ ಹಿಡಿದಿದ್ದಾನೆ.

ನಾನು ಜವಾಬ್ದಾರೀನಾ? ಆವಾಗ ಉತ್ತರ ಹೊಳೀಲಿಲ್ಲ. ಹಾಗಾಗಿ ಒಂದು ವಾರ ಇದನ್ನೇ ಓದ್ತಾ ಕೂತೆ. ಓದಿದ್ದನ್ನ ಇವತ್ತು ನಿಮಗೆ ಹೇಳ್ತೀನಿ.

ಮೊದಲು ಕಟ್ಟಿರೋದು ಏನು ಅಂತ ನೋಡೋಣ. ನಮ್ಮ ಬಿಡದಿಯ ವಂಡರ್‌ಲಾ ಗೊತ್ತಲ್ಲ, 2005ರಲ್ಲಿ ಶುರುವಾಗಿದ್ದು. ಅದೇ ಕಂಪನಿ ಚೆನ್ನೈನ ಹಳೆ ಮಹಾಬಲಿಪುರಂ ರಸ್ತೆ ಕಡೆ, ಇಳ್ಳಲೂರಿನಲ್ಲಿ, ಸುಮಾರು 64 ಎಕರೆಯಲ್ಲಿ ಹೊಸ ಪಾರ್ಕ್ ಕಟ್ಟಿದೆ. ಇಡೀ ಪಾರ್ಕಿಗೆ 500 ಕೋಟಿ ರೂಪಾಯಿಗೂ ಹೆಚ್ಚು ಖರ್ಚು. ಜಾಗ ತಗೊಂಡು ಎಷ್ಟೋ ವರ್ಷ ಆಗಿತ್ತು, ಕೆಲಸ ಮಾತ್ರ ಶುರುವಾಗಿರಲಿಲ್ಲ. ಕಾರಣ ತೆರಿಗೆ. ಟಿಕೆಟ್ ಮೇಲೆ ಜಿಎಸ್‌ಟಿ ಸಾಲದು ಅಂತ ತಮಿಳುನಾಡಿನಲ್ಲಿ ಸ್ಥಳೀಯ ಸಂಸ್ಥೆಗಳ ಮನರಂಜನಾ ತೆರಿಗೆ ಬೇರೆ ಇತ್ತು. ಅದರಿಂದ ವಿನಾಯ್ತಿ ಸಿಕ್ಕಿದ ಮೇಲೇ ಕೆಲಸ ಹಿಡಿದಿದ್ದು. ಬಿ.ಕಾಂ. ಓದಿದವಳಿಗೆ ಇಂಥ ವಿಷಯ ಸಿಕ್ಕರೆ ಅಲ್ಲೇ ನಿಂತುಬಿಡ್ತೀನಿ, ಆದ್ರೆ ಇವತ್ತು ಬೇಡ.

ಅಲ್ಲಿರೋ ದೊಡ್ಡ ಕೋಸ್ಟರ್ ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಾಬಿಯಾರ್ ಕಂಪನಿಯದು. ಈ ಲೋಕದಲ್ಲಿ ಎಲ್ಲರೂ ಅವರನ್ನ ಬಿ ಅಂಡ್ ಎಂ ಅಂತಾರೆ. ಮಹಾರಾಷ್ಟ್ರದ ಇಮ್ಯಾಜಿಕಾದಲ್ಲಿರೋ ನೈಟ್ರೋ ಕೂಡ ಅವರದೇ. ಆದ್ರೆ ಚೆನ್ನೈಗೆ ಬಂದಿರೋದು ಬೇರೆ ಥರದ್ದು. ಇದರಲ್ಲಿ ಹಳಿ ನಿಮ್ಮ ತಲೆ ಮೇಲಿರತ್ತೆ. ನೀವು ಅದರ ಕೆಳಗೆ ನೇತಾಡ್ತಿರ್ತೀರಿ, ಕಾಲು ಗಾಳಿಯಲ್ಲಿ. 1992ರಲ್ಲಿ ಅಮೆರಿಕದ ಶಿಕಾಗೋ ಹತ್ತಿರದ ಒಂದು ಪಾರ್ಕಿನಲ್ಲಿ ಅವರು ಇಂಥದ್ದನ್ನ ಮೊದಲು ಕಟ್ಟಿದ್ರು, ಬ್ಯಾಟ್‌ಮ್ಯಾನ್ ದಿ ರೈಡ್ ಅಂತ. ಅದು ಇವತ್ತಿಗೂ ಓಡ್ತಿದೆ. ಈ ವರ್ಷ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗತ್ತೆ.

ಈಗ ಚಿಕ್ಕಮ್ಮನ ಭಯಕ್ಕೆ ಬರೋಣ. ಅವರ ಪ್ರಕಾರ ಅಪಾಯ ಇರೋದು ಲೂಪ್‌ನಲ್ಲಿ. ತಲೆಕೆಳಗಾದಾಗ ಬಿದ್ದುಬಿಟ್ರೆ? ನನಗೂ ಹಾಗೇ ಅನ್ನಿಸ್ತಿತ್ತು. ಬಿಡದಿಯಲ್ಲಿ ಮೊದಲ ಸಲ ರಿಕಾಯಿಲ್ ಹತ್ತಿದಾಗ, ಅದು ಮುಂದೆ ಹೋಗಿ ಹಾಗೇ ಹಿಮ್ಮುಖವಾಗಿ ವಾಪಸ್ ಬರತ್ತಲ್ಲ, ಕಣ್ಣು ಬಿಟ್ಟಿದ್ದು ರೈಲು ನಿಂತ ಮೇಲೇ.

ಆದ್ರೆ ಲೂಪ್ ಅನ್ನೋದು ಇಡೀ ಯಂತ್ರದಲ್ಲಿ ಅತಿ ಹೆಚ್ಚು ತಲೆ ಓಡಿಸಿರೋ ಜಾಗ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಬಳೆಯಷ್ಟೇ ದುಂಡಗಿನ ಲೂಪ್ ಮಾಡಿದ್ರು. ದುಂಡಗಿದ್ರೆ ಒಳಗೆ ನುಗ್ಗಿದ ಕ್ಷಣದಲ್ಲೇ ಪೂರ್ತಿ ಒತ್ತಡ ಒಮ್ಮೆಗೇ ಬೀಳತ್ತೆ. ಜನರ ಕತ್ತು ಉಳುಕ್ತಿತ್ತು. 1976ರಲ್ಲಿ ವರ್ನರ್ ಸ್ಟೆಂಗಲ್ ಅನ್ನೋ ಜರ್ಮನ್ ಎಂಜಿನಿಯರ್ ಕ್ಯಾಲಿಫೋರ್ನಿಯಾದ ಒಂದು ಕೋಸ್ಟರಿಗೆ ನೀರಹನಿ ಆಕಾರದ ಲೂಪ್ ಲೆಕ್ಕ ಹಾಕಿದ್ರು. ಕೆಳಗೆ ಅಗಲ, ಮೇಲೆ ಹೋಗ್ತಾ ಬಿಗಿ. ಒತ್ತಡ ನಿಧಾನವಾಗಿ ಏರತ್ತೆ, ನಿಧಾನವಾಗಿ ಇಳಿಯತ್ತೆ. ಇವತ್ತಿನ ಲೂಪ್‌ಗಳೆಲ್ಲ ಹೆಚ್ಚುಕಮ್ಮಿ ಅದೇ ದಾರಿಯವು. ತುದಿಯಲ್ಲಿ ತಲೆಕೆಳಗಾದಾಗಲೂ ರೈಲಿನ ವೇಗ ನಿಮ್ಮನ್ನ ಸೀಟಿನ ಕಡೆಗೇ ಒತ್ತುತ್ತಿರತ್ತೆ. ನೀರು ತುಂಬಿದ ಬಕೆಟನ್ನ ಕೈಯಲ್ಲಿ ಜೋರಾಗಿ ಸುತ್ತಿಸಿದ್ರೆ ನೀರು ಚೆಲ್ಲಲ್ಲ ಅಲ್ವಾ, ಹಾಗೆ.

ಚಕ್ರಗಳ ಕಥೆ ಇನ್ನೂ ಚೆನ್ನಾಗಿದೆ. ರೈಲ್ವೆ ಗಾಡಿ ಹಳಿ ಮೇಲೆ ಸುಮ್ನೆ ಕೂತಿರತ್ತೆ. ಕೋಸ್ಟರ್ ಗಾಡಿ ಹಳಿಯನ್ನ ಮೂರು ಕಡೆಯಿಂದ ತಬ್ಬಿಕೊಂಡಿರತ್ತೆ. ಒಂದು ಚಕ್ರ ಮೇಲೆ, ಒಂದು ಪಕ್ಕದಲ್ಲಿ, ಒಂದು ಕೆಳಗೆ. ಆ ಕೆಳಗಿನ ಚಕ್ರಕ್ಕೆ ಜಾನ್ ಮಿಲ್ಲರ್ ಅನ್ನೋರು ಪೇಟೆಂಟ್ ತಗೊಂಡಿದ್ದು 1919ರಲ್ಲಿ. ಗಾಡಿ ಹಳಿ ಬಿಟ್ಟು ಮೇಲೆ ಹಾರದಂತೆ ತಡೆಯೋದು ಅದೇ.

ಬ್ರೇಕ್ ಲೆಕ್ಕ ನಮ್ಮ ಬೈಕಿಗಿಂತ ಉಲ್ಟಾ. ಬೈಕಿನಲ್ಲಿ ನಾವು ಒತ್ತಿದ್ರೆ ಬ್ರೇಕ್ ಹಿಡಿಯತ್ತೆ. ಕೋಸ್ಟರ್‌ಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಹಿಡಿದೇ ಇರತ್ತೆ, ಗಾಳಿಯ ಒತ್ತಡ ಕೊಟ್ಟು ಬಿಡಿಸಬೇಕು. ಕರೆಂಟ್ ಹೋದ್ರೆ ತಾನೇ ಹಿಡ್ಕೊಳ್ಳತ್ತೆ. ಹಳಿಯನ್ನ ಭಾಗಗಳಾಗಿ ವಿಂಗಡಿಸಿರ್ತಾರೆ, ಒಂದು ಭಾಗದಲ್ಲಿ ಒಂದೇ ರೈಲು. ಮುಂದಿನ ಭಾಗ ಖಾಲಿ ಆಗೋವರೆಗೂ ಹಿಂದಿನ ರೈಲಿಗೆ ದಾರಿ ಇಲ್ಲ. ಹಾಗಾಗಿ ಏರಿನ ಅರ್ಧದಲ್ಲಿ ರೈಲು ನಿಂತುಬಿಡ್ತು ಅಂತ ಯಾರೋ ಕಿರುಚೋ ವಿಡಿಯೋ ಬಂದ್ರೆ, ಬಹುಪಾಲು ಅದು ವ್ಯವಸ್ಥೆ ತನ್ನ ಕೆಲಸ ಮಾಡ್ತಿರೋ ವಿಡಿಯೋ. ಏರು ಹತ್ತುವಾಗ ಟಕ್ ಟಕ್ ಟಕ್ ಅಂತ ಸದ್ದು ಬರತ್ತಲ್ಲ, ಹೊಟ್ಟೆ ತೊಳಸೋದೇ ಅದರಿಂದ, ಅದೂ ಗಾಡಿ ಹಿಂದಕ್ಕೆ ಜಾರದಂತೆ ಹಲ್ಲಿಗೆ ಹಲ್ಲು ಸಿಕ್ಕಿಸೋ ಸದ್ದು.

ಇಷ್ಟೆಲ್ಲ ಫೋನಿನಲ್ಲಿ ಹೇಳಿದೆ. ಚಿಕ್ಕಮ್ಮ ಪೂರ್ತಿ ಕೇಳಿ, "ಹಾಗಾದ್ರೆ ದೆಹಲೀಲಿ ಸತ್ತ ಹುಡುಗಿ?" ಅಂದ್ರು.

ಅಲ್ಲಿ ನನ್ನ ಬಾಯಿ ಕಟ್ಟಿಹೋಯ್ತು. 2025ರ ಏಪ್ರಿಲ್‌ನಲ್ಲಿ ದೆಹಲಿಯ ಒಂದು ಪಾರ್ಕಿನಲ್ಲಿ 24 ವರ್ಷದ ಯುವತಿ ರೋಲರ್ ಕೋಸ್ಟರಿನಿಂದ ಬಿದ್ದು ತೀರಿಕೊಂಡ್ಳು. ನನಗಿಂತ ಚಿಕ್ಕವಳು. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆ ಹತ್ತಿರ ಲೋಲಕದ ಥರ ತೂಗೋ ರೈಡ್ ಮುರಿದು ಬಿದ್ದು ಇಬ್ಬರು ಸತ್ರು. ವಿಜ್ಞಾನ ಅಲ್ಲೂ ಇದೇ ವಿಜ್ಞಾನ. ಗುರುತ್ವಾಕರ್ಷಣೆ ಊರಿಗೊಂದು ಥರ ಇರಲ್ಲ.

ಬದಲಾಗೋದು ನೋಡ್ಕೊಳ್ಳೋ ರೀತಿ. ಬೆಳಗ್ಗೆ ಗೇಟ್ ತೆಗೆಯೋ ಮುಂಚೆ ಮೆಕ್ಯಾನಿಕ್ ಹಳಿಯುದ್ದಕ್ಕೂ ಕಣ್ಣು ಹಾಯಿಸಬೇಕು, ರೈಲನ್ನ ಖಾಲಿ ಓಡಿಸಿ ನೋಡಬೇಕು. ಚಕ್ರದ ಅಚ್ಚು, ಬೆಸುಗೆ ಇವುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯಾ ಅಂತ ಆಗಾಗ ಬಿಚ್ಚಿ ಅಲ್ಟ್ರಾಸೌಂಡ್ ಥರದ ಪರೀಕ್ಷೆ ಮಾಡಿಸಬೇಕು. ಹೊಸ ಕೋಸ್ಟರನ್ನ ಜನರಿಗೆ ಬಿಡೋ ಮುಂಚೆ ನೀರು ತುಂಬಿದ ಬೊಂಬೆಗಳನ್ನ ಸೀಟಿನಲ್ಲಿ ಕೂರಿಸಿ ಮತ್ತೆ ಮತ್ತೆ ಓಡಿಸ್ತಾರೆ. ಆ ಬೊಂಬೆಗಳ ವಿಡಿಯೋ ಚೆನ್ನಾಗಿ ವೈರಲ್ ಆಗತ್ತೆ. ಹತ್ತು ವರ್ಷ ಆದ್ಮೇಲೆ ಒಂದು ಮಂಗಳವಾರ ಬೆಳಗ್ಗೆ ಯಾರೋ ಒಬ್ಬ ಸವೆದ ಚಕ್ರ ಬದಲಾಯಿಸ್ತಾನಲ್ಲ, ಅದು ಆಗಲ್ಲ. ಹೊಸ ರೈಡ್ ಬಂತು ಅಂತ ಮೈಸೂರು ರಸ್ತೆ ತುಂಬ ಹೋರ್ಡಿಂಗ್ ಹಾಕ್ತಾರೆ. ಬೋಲ್ಟ್ ಬದಲಾಯಿಸಿದ್ವಿ ಅಂತ ಯಾರಾದ್ರೂ ಹಾಕಿದ್ದು ನೋಡಿದೀರಾ?

ಇಲ್ಲಿ ನನ್ನ ಬಿ.ಕಾಂ. ಸ್ವಲ್ಪ ಕೆಲಸಕ್ಕೆ ಬರತ್ತೆ. ಯಂತ್ರ ಕೊಂಡಾಗ ಅದರ ಬೆಲೆಯನ್ನ ವರ್ಷಗಳ ಮೇಲೆ ಹಂಚಿ ಕಳೀತಾ ಹೋಗ್ತೀವಿ, ಸವಕಳಿ ಅಂತ. ಕಂಪನಿ ಕಾಯ್ದೆಯಲ್ಲಿ ಸಾಮಾನ್ಯ ಯಂತ್ರಗಳಿಗೆ ಕೊಟ್ಟಿರೋ ಆಯಸ್ಸು 15 ವರ್ಷ. ಆದ್ರೆ 1992ರ ಬ್ಯಾಟ್‌ಮ್ಯಾನ್ ಇನ್ನೂ ಓಡ್ತಿದೆ ಅಂದ್ನಲ್ಲ? ಕೋನಿ ಐಲೆಂಡಿನ ಸೈಕ್ಲೋನ್ 1927ರದ್ದು, ಅದೂ ಓಡ್ತಿದೆ. ಪುಸ್ತಕದಲ್ಲಿ ಆಯಸ್ಸು ಮುಗಿದಿರೋ ಯಂತ್ರ ನೆಲದ ಮೇಲೆ ದಶಕಗಟ್ಟಲೆ ಬದುಕೋದು ರಿಪೇರಿ ಖರ್ಚಿನಿಂದ. ವಿಚಿತ್ರ ಏನು ಗೊತ್ತಾ? ಮ್ಯಾನೇಜರಿಗೆ ಮಳೆಗಾಲದಲ್ಲಿ ಜನ ಕಮ್ಮಿಯಾಗಿ ಕೈ ಬಿಗಿಯಾದಾಗ ಎಲ್ಲಕ್ಕಿಂತ ಸುಲಭವಾಗಿ ಮುಂದೂಡಬಹುದಾದ ಖರ್ಚೂ ಅದೇ. ಮುಂದೂಡಿದ ದಿನ ಏನೂ ಆಗಲ್ಲ. ಲಾಭ ಸ್ವಲ್ಪ ಜಾಸ್ತಿ ಕಾಣತ್ತೆ ಅಷ್ಟೇ.

ಷೇರುಪೇಟೆಯಲ್ಲಿರೋ ಕಂಪನಿ ಆದ್ರೆ ವಾರ್ಷಿಕ ವರದಿಯಲ್ಲಿ ರಿಪೇರಿ ಮತ್ತು ನಿರ್ವಹಣೆ ಅನ್ನೋ ಸಾಲು ಇರತ್ತೆ, ಯಾರು ಬೇಕಾದ್ರೂ ನೋಡಬಹುದು. ವಂಡರ್‌ಲಾ 2014ರಿಂದ ಅಲ್ಲಿದೆ. ಮನರಂಜನಾ ಆಟಗಳ ಸುರಕ್ಷತೆಗೆ ಐಎಸ್ 15475 ಅನ್ನೋ ಭಾರತೀಯ ಮಾನದಂಡವೂ ಇದೆ. ಆದ್ರೆ ಷೇರುಪೇಟೆ ಮುಖ ನೋಡದ ಸಣ್ಣ ಪಾರ್ಕು, ಎಕ್ಸಿಬಿಷನ್ ಮೈದಾನ, ಜಾತ್ರೆ? ನೆನಪು ಮಾಡ್ಕೊಳ್ಳಿ. ಇದೇ ಚಿಕ್ಕಮ್ಮ ನಮ್ಮನ್ನ ಊರ ಜಾತ್ರೆಯ ಜಾಯಿಂಟ್ ವೀಲ್ ಹತ್ತಿಸ್ತಿದ್ರು. ಹಿಂದಿನ ವಾರ ಇನ್ನೊಂದು ಊರಲ್ಲಿ ಬಿಚ್ಚಿ, ಲಾರಿಗೆ ಹಾಕ್ಕೊಂಡು ಬಂದು, ರಾತ್ರೋರಾತ್ರಿ ಜೋಡಿಸಿದ್ದು. ನಮ್ಮ ಮುಂದೆ ಒಂದು ಸರಪಳಿ, ಅದಕ್ಕೊಂದು ಕೊಕ್ಕೆ. ಅವತ್ತು ಯಾರೂ ಜವಾಬ್ದಾರಿ ಯಾರದು ಅಂತ ಕೇಳಿರಲಿಲ್ಲ.

ಅದನ್ನ ನೆನಪಿಸಿದೆ. ಚಿಕ್ಕಮ್ಮ ಒಂದು ನಿಮಿಷ ಸುಮ್ನಿದ್ರು. ಆಮೇಲೆ, "ಅವತ್ತೂ ಭಯ ಆಗ್ತಿತ್ತು ಕಣೆ. ನೀವು ಅಳ್ತಿದ್ರಿ ಅಂತ ಹತ್ತಿಸಿದ್ದು" ಅಂದ್ರು.

ಕೊನೆಗೆ ಒಪ್ಪಂದ ಹೀಗಾಯ್ತು.  ಪರೀಕ್ಷೆ ಮುಗಿದ ಮೇಲೆ, ವಾರದ ಮಧ್ಯೆ ಒಂದು ದಿನ. ಸೇಫ್ಟಿ ಬಾರ್ ಹಾಕಿದ ಮೇಲೆ ಸಿಬ್ಬಂದಿ ಬಂದು ಎಳೆದು ನೋಡ್ತಾರಾ ಇಲ್ವಾ ಅಂತ ಮೊದಲು ಕೆಳಗೆ ನಿಂತು ಎರಡು ರೌಂಡ್ ನೋಡೋದು, ನೋಡದಿದ್ರೆ ವಾಪಸ್. ತಪಾಸಣೆಗೆ ಅಂತ ರೈಡ್ ನಿಲ್ಲಿಸಿದ್ರೆ ದುಡ್ಡು ವಾಪಸ್ ಕೊಡಿ ಅಂತ ಅಲ್ಲಿರೋ ಹುಡುಗನ ಮೇಲೆ ರೇಗೋ ಹಾಗಿಲ್ಲ. ಇದು ನನಗೆ ನಾನೇ ಹಾಕ್ಕೊಂಡ ಷರತ್ತು, ಹಿಂದೊಂದು ಸಲ ರೇಗಿದ್ದೀನಿ. ಚಿಕ್ಕಮ್ಮನೂ ಬರ್ತಾರೆ. ಹತ್ತಲ್ಲ, ಬ್ಯಾಗ್ ಹಿಡ್ಕೊಂಡು ಕೆಳಗೆ ನಿಂತಿರ್ತಾರಂತೆ.

ನಿಮ್ಮೂರ ಜಾತ್ರೇಲಿ ಜಾಯಿಂಟ್ ವೀಲ್ ಜೋಡಿಸೋದನ್ನ ಹತ್ತಿರದಿಂದ ನೋಡಿದ್ರೆ, ಅಥವಾ ನಿಮ್ಮನೆಯವರೇ ಆ ಕೆಲಸ ಮಾಡೋರಾಗಿದ್ರೆ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಿನಲ್ಲಿ ಅವರ ಹತ್ರಾನೇ ಮಾತಾಡೋಣ ಅಂತಿದೀನಿ. ಬರ್ತೀನಿ, ನಮಸ್ಕಾರ.