ರಕ್ತನಾಳದ ಒಳಪದರ, ಉರಿಯೂತ ಮತ್ತು ಸ್ಟ್ಯಾಟಿನ್



ರಕ್ತನಾಳವೆಂದರೆ ನಲ್ಲಿಯ ಪೈಪು, ಕೊಲೆಸ್ಟ್ರಾಲ್ ಎಂದರೆ ಅದರೊಳಗೆ ಕಟ್ಟುವ ಕೊಳೆ ಎಂದು ರೋಗಿಗಳಿಗೆ ಹೇಳುವುದು ರೂಢಿ. ಗಿಜಿಗುಡುವ ಓಪಿಡಿಯಲ್ಲಿ ಅಷ್ಟು ಸಾಕು. ಇಂದು ಸ್ವಲ್ಪ ಬಿಡುವಿದೆ. ಪೈಪಿಗೆ ಜೀವವಿಲ್ಲ, ರಕ್ತನಾಳಕ್ಕೆ ಇದೆ ಎಂಬಲ್ಲಿಂದ ಶುರುಮಾಡೋಣ.

ರಾಬರ್ಟ್ ಫರ್ಚ್‌ಗಾಟ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮೊಲದ ಮಹಾಪಧಮನಿಯ ತುಣುಕುಗಳ ಮೇಲೆ ಅಸಿಟೈಲ್‌ಕೋಲಿನ್ ಹಾಕಿ ನೋಡುತ್ತಿದ್ದರು. ಅದೇ ಔಷಧಿ, ಅದೇ ಪ್ರಾಣಿ. ಆದರೂ ಕೆಲವು ತುಣುಕು ಸಡಿಲಗೊಂಡರೆ ಕೆಲವು ಬಿಗಿದುಕೊಳ್ಳುತ್ತಿದ್ದವು. ಬಿಗಿದುಕೊಂಡವುಗಳ ಒಳಮೈ ಸಿದ್ಧಪಡಿಸುವಾಗಲೇ ಉಜ್ಜಿಹೋಗಿತ್ತು! ಒಂದೇ ಸಾಲು ಜೀವಕೋಶಗಳ ಆ ಒಳಪದರವೇ, ಎಂಡೋಥೀಲಿಯಂ, ನಾಳವನ್ನು ಸಡಿಲಿಸುವ ಸಂಕೇತ ಕೊಡುತ್ತದೆಂದು 1980ರಲ್ಲಿ ಅವರು ಪ್ರಕಟಿಸಿದರು. ಆ ಸಂಕೇತ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಇಗ್ನಾರೊ, ಮುರಾದ್ ಅವರೊಂದಿಗೆ ಫರ್ಚ್‌ಗಾಟ್‌ಗೆ 1998ರಲ್ಲಿ ನೊಬೆಲ್ ಬಂತು.

ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತೊಯ್ಯುವ ಎಲ್‌ಡಿಎಲ್ ಹೆಚ್ಚಾದಾಗ ಅದು ಈ ಪದರವನ್ನು ದಾಟಿ ಗೋಡೆಯೊಳಗೆ ಸೇರಿ ಕೆಡುತ್ತದೆ. ಕೆರಳಿದ ಒಳಪದರ ಬಿಳಿ ರಕ್ತಕಣಗಳನ್ನು ಹಿಡಿದು ನಿಲ್ಲಿಸುವ ಅಂಟುಪ್ರೋಟೀನುಗಳನ್ನು ಹೊರಚಾಚುತ್ತದೆ. ಒಳಹೊಕ್ಕ ಕಣಗಳು ಕೊಬ್ಬು ನುಂಗಿ ಉಬ್ಬಿ ಅಲ್ಲೇ ಉಳಿದು ಗಂಟುಕಟ್ಟುತ್ತವೆ. ಅವು ಬಿಡುವ ರಾಸಾಯನಿಕಗಳ ಸುದ್ದಿ ಲಿವರ್‌ಗೆ ಮುಟ್ಟಿ, ರಕ್ತದಲ್ಲಿ ಸಿಆರ್‌ಪಿ ಎಂಬ ಪ್ರೋಟೀನ್ ಏರುತ್ತದೆ. ಇದೇ ಉರಿಯೂತ. ಅರ್ಧವೂ ಮುಚ್ಚಿರದ ನಾಳದಲ್ಲೂ ಗಂಟಿನ ತೆಳು ಹೊದಿಕೆ ಒಡೆದು, ರಕ್ತ ಹೆಪ್ಪುಗಟ್ಟಿ, ಹೃದಯಾಘಾತವಾಗುವುದುಂಟು.

ಇನ್ನು ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯ ಕಥೆ. ಜಪಾನಿನ ಸ್ಯಾಂಕ್ಯೊ ಕಂಪನಿಯಲ್ಲಿದ್ದ ಅಕಿರಾ ಎಂಡೊ 1973ರಲ್ಲಿ, ಅಕ್ಕಿಯ ಮೇಲೆ ಬೆಳೆದಿದ್ದ ನೀಲಿ ಹಸಿರು ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ತೆಗೆದರು. ಕೊಲೆಸ್ಟ್ರಾಲ್ ತಯಾರಿಯ ಆರಂಭದ ಹಂತದಲ್ಲೇ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಕೊರತೆ ಬಿದ್ದ ಲಿವರ್ ರಕ್ತದಿಂದ ಎಲ್‌ಡಿಎಲ್ಲನ್ನು ಹೆಚ್ಚು ಸೆಳೆದುಕೊಳ್ಳುತ್ತದೆ. ಆದರೆ ಆ ತಯಾರಿಯ ದಾರಿ ಕೊಲೆಸ್ಟ್ರಾಲಿಗೆ ಮಾತ್ರ ಹೋಗುವುದಿಲ್ಲ. ಮಧ್ಯದಲ್ಲಿ ಕವಲೊಡೆದು, ರೋ ಎಂಬ ಪ್ರೋಟೀನನ್ನು ಚುರುಕಾಗಿಸುವ ಸಣ್ಣ ಅಣುಗಳನ್ನೂ ಕೊಡುತ್ತದೆ. ಅವು ಕಡಿಮೆಯಾದರೆ ರೋ ಮಂಕಾಗುತ್ತದೆ; ನೈಟ್ರಿಕ್ ಆಕ್ಸೈಡ್ ಮಾಡುವ ಕಿಣ್ವದ ಆರ್‌ಎನ್‌ಎ ಹೆಚ್ಚು ಕಾಲ ಬಾಳಿ, ಕಿಣ್ವ ಹೆಚ್ಚುತ್ತದೆ. ಪ್ರಯೋಗಾಲಯದ ಜೀವಕೋಶಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ.

ಹಾಗಾದರೆ ಸ್ಟ್ಯಾಟಿನ್ ಒಳ್ಳೆಯದು ಮಾಡುವುದು ಎಲ್‌ಡಿಎಲ್ ಇಳಿಸಿಯೋ, ಒಳಪದರವನ್ನು ನೇರವಾಗಿ ಸಂತೈಸಿಯೋ? 2008ರ ಜುಪಿಟರ್ ಪ್ರಯೋಗದಲ್ಲಿ ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಸಿಆರ್‌ಪಿ 2 ಅಥವಾ ಹೆಚ್ಚು ಇದ್ದ 17,802 ಮಂದಿ ಇದ್ದರು. ರೊಸುವಾಸ್ಟ್ಯಾಟಿನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಅನಾಹುತಗಳು 44% ಕಡಿಮೆಯಾದವು. ಉರಿಯೂತದ ಪಕ್ಷದವರು ಹಿಗ್ಗಿದರು. ಆದರೆ ಅದೇ ಜನರಲ್ಲಿ ಎಲ್‌ಡಿಎಲ್ ಕೂಡ ಅರ್ಧಕ್ಕೆ ಇಳಿದಿತ್ತಲ್ಲ! ಇವೊಲೊಕುಮ್ಯಾಬ್ ಚುಚ್ಚುಮದ್ದು ಸಿಆರ್‌ಪಿಯನ್ನು ಹೆಚ್ಚುಕಡಿಮೆ ಮುಟ್ಟದೆ, ಎಲ್‌ಡಿಎಲ್ ಒಂದನ್ನೇ ಇಳಿಸಿಯೂ ಅನಾಹುತಗಳನ್ನು ತಗ್ಗಿಸಿದೆ. ಗಾಜಿನ ತಟ್ಟೆಯ ಕೋಶಗಳಿಗೆ ಹಾಕುವ ಸ್ಟ್ಯಾಟಿನ್ ಪ್ರಮಾಣವೂ ಎಷ್ಟೋ ಬಾರಿ ನಮ್ಮ ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚು. ನನ್ನ ಮಟ್ಟಿಗೆ ದೊಡ್ಡ ಪಾಲು ಎಲ್‌ಡಿಎಲ್ಲಿನದೇ. ನೇರ ಪರಿಣಾಮ ಇದ್ದರೂ ಚಿಕ್ಕದು.

ಹಾಗೆಂದು ಉರಿಯೂತ ಬರೀ ನೆರಳಲ್ಲ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಉರಿಯೂತ ತಡೆಯುವ ಕೆನಕಿನುಮ್ಯಾಬ್ ಕೊಲೆಸ್ಟ್ರಾಲನ್ನು ಇಳಿಸದೆಯೇ ಅನಾಹುತಗಳನ್ನು ಸುಮಾರು 15% ತಗ್ಗಿಸಿತು. ಆದರೆ ಸೋಂಕಿನಿಂದ ಸತ್ತವರು ಹೆಚ್ಚಿದರು. ಮರುವರ್ಷ ಉರಿಯೂತ ತಗ್ಗಿಸುವ ಇನ್ನೊಂದು ಔಷಧಿ, ಮೆಥೊಟ್ರೆಕ್ಸೇಟ್, ಸೋತಿತು. ಗೌಟ್‌ಗೆ ಕೊಡುವ ಅಗ್ಗದ ಕಾಲ್ಚಿಸಿನ್ 2020ರಲ್ಲಿ, ಹಳೆಯ ಹೃದ್ರೋಗಿಗಳಲ್ಲಿ ಗೆದ್ದರೂ 2024ರಲ್ಲಿ, ಆಗಷ್ಟೇ ಹೃದಯಾಘಾತವಾದವರಲ್ಲಿ ನಿರಾಶೆ ತಂದಿತು. ಈ ಎಲ್ಲ ಪ್ರಯೋಗಗಳಲ್ಲೂ ಹೆಚ್ಚಿನವರು ತಮ್ಮ ಸ್ಟ್ಯಾಟಿನ್ ನುಂಗುತ್ತಲೇ ಇದ್ದರು. ಹೊಸ ಔಷಧಿಗಳ ಪರೀಕ್ಷೆ ನಡೆದದ್ದು ಅದರ ಬದಲಿಗೆ ಅಲ್ಲ, ಅದರ ಜೊತೆಗೆ.